ಯಾವ ಬಣ್ಣ, ಯಾರಿಗೆ?

ಕನ್ನಡದಲ್ಲಿ ನೀಲಿಗೆ ಸ್ವಂತ ಹೆಸರಿಲ್ಲ. ಕೆಂಪು, ಕಪ್ಪು, ಬಿಳಿ, ಹಸಿರು ಈ ನಾಲ್ಕು ಅಚ್ಚಗನ್ನಡದವು. ನೀಲಿಯನ್ನು ಸಂಸ್ಕೃತದಿಂದ ತಂದುಕೊಂಡೆವು. ಗುಲಾಬಿ, ಊದಾ ಪಾರಸಿಯ ಕಡೆಯಿಂದ ಬಂದವು. ಹಳದಿಯೂ ಹೊರಗಿನದೇ, ನಮ್ಮದು ಅರಿಸಿನ. ಅಷ್ಟೇಕೆ, 'ಬಣ್ಣ' ಎಂಬ ಮಾತೇ 'ವರ್ಣ'ದ ತದ್ಭವ. ವರ್ಣವೆಂದರೆ ಬಣ್ಣವೂ ಹೌದು, ಜಾತಿಯ ಮೆಟ್ಟಿಲೂ ಹೌದು ಎಂಬುದನ್ನು ನಿಮಗೆ ನಾನು ಹೊಸದಾಗಿ ಹೇಳಬೇಕಾಗಿಲ್ಲ.

ಪಂಡಿತರ ಲೆಕ್ಕ ಇಲ್ಲಿಗೆ ಮುಗಿಯುತ್ತದೆ, ಹೆಂಗಸರ ಲೆಕ್ಕ ಇಲ್ಲಿಂದ ಶುರುವಾಗುತ್ತದೆ. ಸೀರೆ ಅಂಗಡಿಯಲ್ಲಿ ಕೂತವಳಿಗೆ ನಾಲ್ಕು ಬಣ್ಣ ಎಲ್ಲಿ ಸಾಕು? ಗಿಳಿ ಹಸಿರು, ಪಾಚಿ ಹಸಿರು, ಮಾವಿನ ಚಿಗುರು, ಬದನೇಕಾಯಿ, ಈರುಳ್ಳಿ ಸಿಪ್ಪೆ, ದಾಳಿಂಬೆ, ನೇರಳೆ, ಜೇನು, ಅರಗಿನ ಕೆಂಪು ಎಂದು ಹೊಲ, ಹಿತ್ತಲು, ಅಡಿಗೆಮನೆಯನ್ನೆಲ್ಲ ತಡಕಿ ಹೆಸರು ತಂದವರು ನಾವೇ. ಕಂಚಿಯಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿಯವರಿಗಾಗಿ ನೇಯ್ದ ಒಂದು ನೀಲಿ 'ಎಂ. ಎಸ್. ಬ್ಲೂ' ಆಗಿ ಊರೂರಿನ ಅಂಗಡಿಗೆ ಬಂತು. ಗಂಡಸರು ಇದನ್ನೆಲ್ಲ 'ನೀಲಿ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ, ಆ ಮಾತು ಬೇರೆ.

ಹೆಸರಿಡುವುದು ಸುಲಭ. ಉಡುವುದು ಹಾಗಲ್ಲ. ನಮ್ಮ ಧಾರವಾಡದ ಕಡೆ ಪತ್ತಲದ ಅಂಗಡಿಗೆ ಹೋದರೆ ಅವರು ಕೇಳುವ ಮೊದಲ ಪ್ರಶ್ನೆ, 'ಯಾರಿಗ್ರಿ ಅಕ್ಕಾರ?' ಎಷ್ಟು ರೂಪಾಯಿಯದು ಎಂದಲ್ಲ, ಯಾವ ಬಣ್ಣದ್ದು ಎಂದೂ ಅಲ್ಲ. ಮದುವೆ ಹುಡುಗಿಗೆ ಎಂದರೆ ಒಂದು ರಾಶಿ ಬೀಳುತ್ತದೆ. ಬಸುರಿ ಮಗಳ ಕುಬಸಕ್ಕೆ ಎಂದರೆ ಹಸಿರಿನ ರಾಶಿ. 'ಸ್ವಲ್ಪ ವಯಸ್ಸಾದವರಿಗೆ' ಎಂದು ದನಿ ತಗ್ಗಿಸಿದರೆ ಅವರು ಮತ್ತೇನೂ ಕೇಳುವುದಿಲ್ಲ, ಒಳಗಿನ ಕಪಾಟಿನಿಂದ ಬೇರೊಂದು ಗಂಟು ಬಿಚ್ಚುತ್ತಾರೆ. ಬೂದು, ಮಾಸಲು ಕಂದು, ತಿಳಿ ನೀಲಿ. ಯಾವ ಶಾಸ್ತ್ರವನ್ನೂ ಓದದ ಆ ಮನುಷ್ಯನಿಗೆ ಇದನ್ನು ಕಲಿಸಿದವರು ಯಾರು ಎಂಬ ಪ್ರಶ್ನೆ ನನ್ನನ್ನು ಬಹಳ ವರ್ಷ ಕಾಡಿದೆ. ಆ ಪ್ರಶ್ನೆಯ ಬೆನ್ನು ಹತ್ತಿ ಕೈಗೆ ಸಿಕ್ಕ ಇತಿಹಾಸದ ಪುಸ್ತಕಗಳನ್ನೆಲ್ಲ ತಿರುವಿದ್ದೇನೆ.

ಬಿಳಿ ವಿಧವೆಯ ಬಣ್ಣ ಎಂದು ಸಿನಿಮಾ ನೋಡಿ ಬೆಳೆದವರು ಹೇಳುತ್ತಾರೆ. ಅದು ಬಂಗಾಳದ, ಉತ್ತರ ಹಿಂದೂಸ್ಥಾನದ ಮಾತು. ನಮ್ಮ ಬ್ರಾಹ್ಮಣರ ಮನೆಗಳಲ್ಲಿ ತಲೆ ಬೋಳಿಸಿಕೊಂಡ ಮಡಿ ಹೆಂಗಸಿನ ಬಣ್ಣ ಕೆಂಪು. ಮರಾಠಿಯವರು ಆ ಸೀರೆಯನ್ನು 'ಆಲವಣ' ಎನ್ನುತ್ತಾರೆ. ನಮ್ಮಲ್ಲಿ 'ಕೆಂಪು ಸೀರೆ ಉಡಿಸಿದರು' ಎಂದರೆ ಸಾಕಿತ್ತು, ಹಜಾಮನನ್ನು ಕರೆಸಿದ್ದನ್ನು ಬೇರೆ ಹೇಳಬೇಕಾಗಿರಲಿಲ್ಲ.

ನನ್ನ ಅಜ್ಜಿಯ ಅಕ್ಕ, ನಾವೆಲ್ಲ ದೊಡ್ಡಜ್ಜಿ ಎನ್ನುತ್ತಿದ್ದವಳು, ಹತ್ತನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು 1964ರವರೆಗೆ ಬದುಕಿದಳು. ಅಷ್ಟೂ ವರ್ಷ ಅದೇ ಕೆಂಪು. ಅಂಚಿಲ್ಲ, ಚಿತ್ತಾರವಿಲ್ಲ, ಮೇಲೆ ಕುಪ್ಪಸವಿಲ್ಲ. ನನ್ನ ಸೋದರತ್ತೆಯ ಮದುವೆ ನಮ್ಮ ಮನೆಯ ಅಂಗಳದಲ್ಲೇ ಆಯಿತು. ಹಂದರದಲ್ಲಿ ಮದುಮಗಳು ಇಳಕಲ್ಲಿನ ಗಿರಿಕುಂಕುಮದ ಸೀರೆಯಲ್ಲಿ ಕೂತಿದ್ದಳು. ನಡುವೆ ಒಂದು ಗೋಡೆ. ಗೋಡೆಯ ಈಚೆ ಒಲೆಯ ಮುಂದೆ ದೊಡ್ಡಜ್ಜಿ ತನ್ನ ಕೆಂಪಿನಲ್ಲಿ ಹೋಳಿಗೆ ಬೇಯಿಸುತ್ತಿದ್ದಳು. ಹಂದರಕ್ಕೆ ಬರುವಂತಿರಲಿಲ್ಲ. ಆ ಸೀರೆಯ ಬಗ್ಗೆ ಅವಳು ಆಡಿದ್ದನ್ನು ಕೇಳಿದ್ದು ಒಂದೇ ಒಂದು ಸಲ: 'ಹೊಲಸು ಕಾಣೂದಿಲ್ಲ ನೋಡವಾ, ಮಸಿ-ಬೂದಿ ಎಲ್ಲಾ ನುಂಗತದ.'

ಅರಿಸಿನದ ಮಾತೂ ಇಲ್ಲೇ ಆಗಲಿ. ವರ್ಷಕ್ಕೆ ಬೇಕಾಗುವ ಅರಿಸಿನ ಕುಟ್ಟುವ ಕೆಲಸ ನಮ್ಮ ಮನೆಯಲ್ಲಿ ದೊಡ್ಡಜ್ಜಿಯದೇ. ಒನಕೆ ಹಿಡಿದ ಅಂಗೈ ಎರಡು ದಿನ ಹಳದಿಯಾಗಿಯೇ ಇರುತ್ತಿತ್ತು. ಅರಿಸಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ, ನಮ್ಮ ಆರತಿಯ ಓಕುಳಿ ಆಗುವುದು ಹಾಗೆ. ಕುಂಕುಮವನ್ನು ಮಾಡುತ್ತಿದ್ದುದೂ ಅರಿಸಿನದಿಂದಲೇ. ಅಂದರೆ ಎರಡೂ ಒಂದೇ ಗಡ್ಡೆ. ಸಾರಿಗೆ ಹಾಕಬಹುದು, ಕುಟ್ಟಬಹುದು, ಗಾಯಕ್ಕೆ ಒತ್ತಬಹುದು, ಗಲ್ಲಕ್ಕೆ ಹಚ್ಚಬಾರದು. ಇದರಲ್ಲಿ ಬಣ್ಣದ ಗುಣವೇನು ಬಂತು?

ಇನ್ನು ಒಂದು ಇಸವಿ. 1856. ಆ ವರ್ಷದ ಜುಲೈಯಲ್ಲಿ ಈಶ್ವರಚಂದ್ರ ವಿದ್ಯಾಸಾಗರರ ಹೋರಾಟ ಫಲಿಸಿ, ಕಲಕತ್ತೆಯಲ್ಲಿ ಹಿಂದೂ ವಿಧವೆಯರ ಮರುಮದುವೆಯನ್ನು ಮಾನ್ಯ ಮಾಡುವ ಕಾಯಿದೆ ಬಂತು. ಅದೇ ವರ್ಷ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟು ವರ್ಷದ ಹುಡುಗ ರಜೆಯಲ್ಲಿ ಮನೆಯಲ್ಲೇ ಕೂತು, ಮಲೇರಿಯಾಕ್ಕೆ ಬೇಕಾದ ಕ್ವಿನೈನನ್ನು ಕಲ್ಲಿದ್ದಲಿನ ಟಾರಿನಿಂದ ಮಾಡಲು ಹೋದ. ಕ್ವಿನೈನ್ ಆಗಲಿಲ್ಲ, ಪಾತ್ರೆಯ ತಳದಲ್ಲಿ ಊದಾ ಬಣ್ಣ ಉಳಿಯಿತು. ಗಿಡ, ಬೇರು, ಹುಳುಗಳಿಲ್ಲದೆ ಕಾರ್ಖಾನೆಯಲ್ಲಿ ಬಣ್ಣ ಮಾಡುವ ಕಾಲ ಅಲ್ಲಿಂದ ಶುರುವಾಯಿತು. ಹೆಂಗಸರಿಗೆ ಬಣ್ಣ ಕೊಡುವ ಎರಡು ಕೆಲಸಗಳು ಒಂದೇ ವರ್ಷ ನಡೆದವು ಎಂದು ನಾನು ಅಂದುಕೊಳ್ಳುತ್ತೇನೆ. ಲಂಡನ್ನಿನದು ಮೊದಲು ಬಂದು ಮುಟ್ಟಿತು. ಕಾಯಿದೆ ದೊಡ್ಡಜ್ಜಿಯ ಒಲೆಯವರೆಗೆ ಬರಲೇ ಇಲ್ಲ.

ಆ ಊದಾ ಸೀರೆಯಲ್ಲ, ಗೌನು ತೊಟ್ಟು 1858ರಲ್ಲಿ ಮಗಳ ಮದುವೆಗೆ ಹೋದವಳು ವಿಕ್ಟೋರಿಯಾ ರಾಣಿ. ಮೂರೇ ವರ್ಷಕ್ಕೆ ಅವಳ ಗಂಡ ತೀರಿಕೊಂಡ. ಆಮೇಲೆ ಸಾಯುವವರೆಗೆ, ಸುಮಾರು ನಲವತ್ತು ವರ್ಷ, ಅವಳು ಉಟ್ಟದ್ದು ಕಪ್ಪು. ಅವರಲ್ಲಿ ಗಂಡ ಸತ್ತವಳಿಗೆ ಮೊದಲು ಕಪ್ಪು, ಕೆಲವು ಕಾಲ ಕಳೆದ ಮೇಲೆ ಬೂದು ಮತ್ತು ತಿಳಿ ಊದಾ. ಅರ್ಧ ಶೋಕ ಎಂದು ಅದಕ್ಕೆ ಹೆಸರು. ಮದುಮಗಳಿಗೆ ಬಿಳಿ. ಭೂಗೋಳ ಸ್ವಲ್ಪ ತಿರುಗಿದರೆ ಬಣ್ಣಗಳೆಲ್ಲ ತಲೆಕೆಳಗು, ಹೆಂಗಸಿಗೆ ಹಾಕಿದ ಲೆಕ್ಕ ಮಾತ್ರ ಅದೇ.

ಕಾರ್ಖಾನೆಯ ಬಣ್ಣಕ್ಕಿಂತ ಮೊದಲು ನಮ್ಮಲ್ಲಿ ಬಣ್ಣವೆಂದರೆ ಬೆಲೆ. ಮೊಹೆಂಜೊದಾರೋದಲ್ಲಿ ಬೆಳ್ಳಿಯ ಪಾತ್ರೆಗೆ ಅಂಟಿಕೊಂಡು ಸಿಕ್ಕ ಅರಿವೆಯ ಚೂರೊಂದಕ್ಕೆ ಮಂಜಿಷ್ಠದಂಥ ಬೇರಿನ ಕೆಂಪು ಹಾಕಿದ್ದರಂತೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಮಾತು. ಹತ್ತಿಯ ನೂಲು ಬೇರಿನ ಕೆಂಪನ್ನು ಸುಮ್ಮನೆ ಹಿಡಿಯುವುದಿಲ್ಲ. ಎಣ್ಣೆ, ಸಗಣಿ, ಸ್ಫಟಿಕ ಎಂದು ಒಂದರ ಮೇಲೊಂದು ಕೊಟ್ಟು, ತೊಳೆದು, ಒಣಗಿಸಿ, ಮತ್ತೆ ಅದ್ದಿ ದಿನಗಟ್ಟಲೆ ದುಡಿಯಬೇಕು. ನೀಲಿಯದು ಇನ್ನೊಂದು ಕಥೆ. ಹೂತ ಹರವಿಯಲ್ಲಿ ನೀಲಿಯ ಜೊತೆ ಸುಣ್ಣ, ಬೇಯಿಸಿದ ತಗಚೆ ಬೀಜ ಹಾಕಿ ಹುಳಿ ಬರಿಸುತ್ತಿದ್ದರು. ಅದರ ನಾತಕ್ಕೆ ಓಣಿಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅದ್ದಿ ಎತ್ತಿದ ನೂಲು ಮೊದಲು ಹಳದಿ-ಹಸಿರಾಗಿ ಕಾಣುತ್ತದೆ, ಗಾಳಿ ತಾಗುತ್ತಿದ್ದ ಹಾಗೆ ಕಣ್ಣೆದುರೇ ನೀಲಿಯಾಗುತ್ತದೆ. ಈ ಕೆಲಸದವರು ನೀಲಗಾರರು. ನಮ್ಮ ಕಡೆ ಈಗಲೂ ಅದು ಮನೆತನದ ಹೆಸರು. ಬಿಳಿಯ ಬಟ್ಟೆಯನ್ನೇ ನೇಯುವವರು ಬಿಳಿಮಗ್ಗದವರು, ಅದೂ ಒಂದು ಜಾತಿಯೇ ಆಯಿತು. ಬಣ್ಣ ತೊಡುವವರು ಮೇಲೆ, ಬಣ್ಣದಲ್ಲಿ ಕೈ ಅದ್ದಿದವರು ಕೆಳಗೆ. ಬ್ರಾಹ್ಮಣನು ಮಾರಬಾರದ ಸರಕುಗಳನ್ನು ಎಣಿಸುವಾಗ ಮನುಸ್ಮೃತಿ ಹತ್ತನೆಯ ಅಧ್ಯಾಯದಲ್ಲಿ ನೀಲಿಯನ್ನೂ ಅರಗನ್ನೂ ಹೆಂಡದ ಸಾಲಿನಲ್ಲೇ ಇಟ್ಟಿದೆ.

ಆ ನೀಲಿಯ ಮುಂದಿನ ಬಾಳೂ ಸುಲಭದ್ದಲ್ಲ. ಯುರೋಪಿಗೆ ಅದು ಬೇಕಾಯಿತು, ತೋಟದ ದೊರೆಗಳು ಬಂಗಾಳದ ರೈತರ ಗದ್ದೆಯಲ್ಲಿ ಬತ್ತದ ಬದಲು ನೀಲಿ ಬಿತ್ತಿಸಿದರು. 1859ರಲ್ಲಿ ರೈತರು ತಿರುಗಿಬಿದ್ದರು. ಬಿಹಾರದ ಚಂಪಾರಣದಲ್ಲಿ ಇಪ್ಪತ್ತು ಕಠ್ಠಾ ಭೂಮಿಗೆ ಮೂರು ಕಠ್ಠಾ ನೀಲಿ ಬೆಳೆಯಲೇಬೇಕೆಂಬ ಕಟ್ಟಳೆ 1917ರಲ್ಲಿ ಗಾಂಧಿ ಅಲ್ಲಿಗೆ ಹೋಗುವವರೆಗೂ ಇತ್ತು. ಅಷ್ಟರಲ್ಲಿ ಜರ್ಮನಿಯವರು ನೀಲಿಯನ್ನೂ ಕಾರ್ಖಾನೆಯಲ್ಲೇ ಮಾಡಿ 1897ರಿಂದ ಮಾರುತ್ತಿದ್ದರು. ಮಂಜಿಷ್ಠದ ಕೆಂಪು ಅದಕ್ಕೂ ಮೊದಲೇ, 1868ರಲ್ಲಿ, ಅವರ ಕೈವಶವಾಗಿತ್ತು. ಬೇರು ಅಗೆಯುವವರ, ಹರವಿ ಹೂಳುವವರ ಕೆಲಸ ಹೋಯಿತು. ಮಾರಲು ಕೂಡದ ಆ ನೀಲಿಯೇ ಮುಂದೆ ಅಂಬೇಡ್ಕರರ ಚಳವಳಿಯ ಬಾವುಟವಾಯಿತು. ಬಣ್ಣವೊಂದರ ಮಾನ ಹೀಗೆ ಪೂರಾ ತಿರುಗಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಡಬ್ಬಿಯ ಬಣ್ಣ ಬಂದ ಮೇಲೆ ಕೆಂಪು ಕಾಸಿಗೆ ಅಗ್ಗವಾಯಿತು. ಒಕ್ಕಲಗಿತ್ತಿಗೂ ದೇಸಗತ್ತಿಯ ಹೆಣ್ಣುಮಗಳಿಗೂ ಒಂದೇ ಕೆಂಪು ಸಿಗತೊಡಗಿತು. ದುಡ್ಡಿನ ಬೇಲಿ ಬಿದ್ದಾಗ ಬಣ್ಣ ಎಲ್ಲರದೂ ಆಗಬೇಕಿತ್ತಲ್ಲ? ಆಗಲಿಲ್ಲ. ದುಡ್ಡು ಕಾಯುತ್ತಿದ್ದ ಜಾಗದಲ್ಲಿ ಕಟ್ಟಳೆಯೊಂದೇ ಕಾವಲು ನಿಂತಿತು, ಮತ್ತು ಅದು ಗಂಡಸರನ್ನು ಬಿಟ್ಟು ಹೆಂಗಸರನ್ನು ಕಾಯಿತು. ಹೆಂಡತಿ ಸತ್ತ ಗಂಡಸು ಇಂಥ ಬಣ್ಣದ ಪಟಗಾ ಸುತ್ತಬೇಕು ಎಂದು ಯಾರಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ?

ಈ ಕಟ್ಟಳೆ ಎಲ್ಲರ ಮನೆಯದೂ ಆಗಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ 'ನಮ್ಮ ಸಂಸ್ಕೃತಿ' ಎನ್ನುವಾಗ ಎಲ್ಲರೂ ಮೇಲಿನ ನಾಲ್ಕು ಮನೆಗಳನ್ನೇ ಎಣಿಸುತ್ತಾರೆ. ನಮ್ಮ ನಾಡಿನ ಎಷ್ಟೋ ಜಾತಿಗಳಲ್ಲಿ ಗಂಡ ಸತ್ತವಳು, ಗಂಡನನ್ನು ಬಿಟ್ಟವಳು ಮತ್ತೆ ಮನೆ ಕಟ್ಟಿಕೊಳ್ಳುತ್ತಿದ್ದಳು. ಅದಕ್ಕೆ ಉಡಿಕೆ ಎನ್ನುತ್ತಾರೆ, ಸೀರುಡಿಕೆ ಎನ್ನುತ್ತಾರೆ, ಕೂಡಿಕೆ ಎನ್ನುತ್ತಾರೆ. ಸೀರೆ ಉಡಿಸಿದರೆ ಮದುವೆ. ಒಂದೇ ಊರಿನ ಎರಡು ಓಣಿ. ಒಂದರಲ್ಲಿ 'ಸೀರೆ ಉಡಿಸಿದರು' ಎಂದರೆ ಬಾಳು ಮುಗಿಯಿತು, ಇನ್ನೊಂದರಲ್ಲಿ ಅದೇ ಮಾತಿಗೆ ಬಾಳು ಮತ್ತೆ ಶುರುವಾಯಿತು. ಹೊಸ ಕಾಯಿದೆಯ ಹಂಗು ಆ ಓಣಿಗೆ ಬೇಕಾಗಿರಲಿಲ್ಲ. ಮೇಲಿನವರನ್ನು ನೋಡಿ ಅಲ್ಲಿಯೂ ಕೆಲವರು ಉಡಿಕೆ ಬಿಟ್ಟದ್ದುಂಟು, ಮಾನ ಹೆಚ್ಚಲೆಂದು.

ಕಪ್ಪಿನ ವಿಷಯದಲ್ಲಿ ನನ್ನದೇ ಒಂದು ಪ್ರಸಂಗವಿದೆ. ನಮ್ಮ ಕಡೆ ಸಂಕ್ರಾಂತಿಗೆ ಕರಿ ಸೀರೆ ವಿಶೇಷ. ಮದುವೆಯಾದ ಮೊದಲ ಸಂಕ್ರಾಂತಿಗೆ ಹುಡುಗಿಗೆ ಚಂದ್ರಕಾಳಿ ಉಡಿಸಿ, ಕುಸುರೆಳ್ಳಿನ ಒಡವೆ ತೊಡಿಸಿ, ಆರತಿ ಮಾಡುತ್ತಾರೆ. ಹಳೆಯ ಚಂದ್ರಕಾಳಿ ನಿಜಕ್ಕೂ ಕಪ್ಪಲ್ಲ, ನೀಲಿಯಲ್ಲಿ ಮತ್ತೆ ಮತ್ತೆ ಅದ್ದಿ ಕಪ್ಪಾಗಿಸಿದ್ದು. ನನ್ನ ಮದುವೆ 1977ರಲ್ಲಿ, ಶಿವಮೊಗ್ಗದ ಕಡೆಗೆ. ಮೊದಲ ಸಂಕ್ರಾಂತಿಗೆ ಅವ್ವ ಕಳಿಸಿದ ಚಂದ್ರಕಾಳಿ ಉಟ್ಟು ದೇವರ ಮುಂದೆ ಬಂದರೆ ಅತ್ತೆಯವರು ಗಂಟೆ ಕೆಳಗಿಟ್ಟರು. 'ಮೊದಲ ಹಬ್ಬಕ್ಕೇ ಶನೀನ ಕರ್ಕೊಂಡು ಬಂದ್ಯೇನೇ?' ನಾನು ನಮ್ಮ ಪದ್ಧತಿ ಹೇಳಿದೆ, ಅವರು ಅವರ ಪದ್ಧತಿ ಹೇಳಿದರು. ಆರತಿಯ ಬತ್ತಿ ಎರಡು ಸಲ ಆರಿತು. ಕೊನೆಗೆ ದಾರಿ ಹುಡುಕಿದವರು ಅವರೇ. ಇಳಕಲ್ಲಿನ ಸೀರೆಗೆ ಮೈ ಯಾವ ಬಣ್ಣದ್ದಿರಲಿ, ಸೆರಗು ಮಾತ್ರ ಕೆಂಪು. ನಡುವೆ ಬಿಳಿ ತೆನೆಗಳು, ಅದಕ್ಕೇ ಟೋಪ ತೆನಿ ಸೆರಗು ಎನ್ನುವುದು. ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆ ಕೊಂಡಿ ಹಾಕಿ ಸೇರಿಸಿರುತ್ತಾರೆ. 'ಸೆರಗು ಹೊದ್ದುಕೊಂಡು ನಿಂತ್ಕೋ, ಮುಂದಿನಿಂದ ಕೆಂಪು ಕಾಣುತ್ತೆ' ಎಂದರು. ದೇವರು ಹಿಂದಿನಿಂದ ನೋಡುವುದಿಲ್ಲ ಎಂದು ಅವರಿಗೆ ಖಾತ್ರಿಯಿತ್ತು.

ಬಿಳಿಗೆ ಹೊಸ ಅರ್ಥ ಹೊಸೆಯಲು ಹೊರಟವರು ಗಾಂಧಿ. ವಿದೇಶಿ ಬಣ್ಣದ ಬಟ್ಟೆ ಸುಟ್ಟು ಬಿಳಿ ಖಾದಿ ಉಡಿ ಎಂದಾಗ ಗಂಡಸರಿಗೆ ಕಷ್ಟವಾಗಲಿಲ್ಲ, ಅವರ ಧೋತರ ಮೊದಲೇ ಬಿಳಿ. ಹಿಂಜರಿದವರು ಹೆಂಗಸರು. ಖಾದಿ ಭಾರ ಎಂದರು, ಬಣ್ಣವಿಲ್ಲ ಎಂದರು. ಬಿಳಿ ಯಾರು ಉಡುತ್ತಾರೆಂಬುದು ಅವರಿಗೆ ಗೊತ್ತಿತ್ತು. ಆದರೂ ಬಹಳ ಮಂದಿ ಉಟ್ಟರು. ಬಿಳಿ ಸೀರೆಯ ಮುತ್ತೈದೆ ಮೆರವಣಿಗೆಯಲ್ಲಿ ನಡೆದದ್ದು ಸಣ್ಣ ಸಂಗತಿಯಲ್ಲ ಎಂದು ನನ್ನ ಮತ. ಆ ಕಾಲಕ್ಕೆ ಮೈಸೂರು ಸೀಮೆಯಲ್ಲಿ, ಬಾಲ್ಯದಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬಾ ಅವರು 1913ರಲ್ಲಿ ಸತೀಹಿತೈಷಿಣೀ ಗ್ರಂಥಮಾಲೆ ತೆರೆದು ಹೆಂಗಸರಿಗಾಗಿ ಬರೆಯುತ್ತಿದ್ದರು, ಅಚ್ಚು ಹಾಕಿಸುತ್ತಿದ್ದರು. ಅವರ ಹಾಗೆ ಬರೆಯಲಾಗದವರ ಕಥೆ ಹೊರಗೆ ಬರಲು ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' 1976ರಲ್ಲಿ ಬರುವವರೆಗೆ ಕಾಯಬೇಕಾಯಿತು.

ಬಾವುಟದ ಬಣ್ಣಗಳ ಅರ್ಥವಂತೂ ಕೂತು ನಿರ್ಣಯಿಸಿದ್ದು. 1921ರಲ್ಲಿ ಕೆಂಪು ಹಿಂದೂಗಳಿಗೆ, ಹಸಿರು ಮುಸಲ್ಮಾನರಿಗೆ, ಬಿಳಿ ಉಳಿದವರಿಗೆ ಎಂದಿದ್ದರು. 1931ರಲ್ಲಿ ಕಾಂಗ್ರೆಸ್ಸು ಕೆಂಪಿನ ಬದಲು ಕೇಸರಿ ಇಟ್ಟು, ಬಣ್ಣಗಳಿಗೆ ಮತದ ಅರ್ಥವಿಲ್ಲ, ಕೇಸರಿ ಎಂದರೆ ಧೈರ್ಯ-ತ್ಯಾಗ, ಬಿಳಿ ಎಂದರೆ ಸತ್ಯ-ಶಾಂತಿ ಎಂದು ಠರಾವು ಮಾಡಿತು. ಒಂದು ಠರಾವಿನಲ್ಲಿ ಬಣ್ಣದ ಅರ್ಥ ಬದಲಾಗುವುದಾದರೆ, ಬಣ್ಣಕ್ಕೆ ಅರ್ಥ ಹುಟ್ಟಿನಿಂದ ಬಂದದ್ದಲ್ಲ ಎಂದಾಯಿತು. ಆ ಬಾವುಟ ತಯಾರಾಗುವುದು ನಮ್ಮ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘದಲ್ಲಿ, ಹೆಚ್ಚಾಗಿ ಹೆಂಗಸರ ಕೈಯಲ್ಲಿ. ಬಣ್ಣ ಒಂದು ಛಾಯೆ ಆಚೀಚೆಯಾದರೂ ಸರಕಾರದ ಪರೀಕ್ಷೆಯಲ್ಲಿ ಬಿದ್ದುಹೋಗುತ್ತದೆ. ಇನ್ನು 1960ರ ದಶಕದಲ್ಲಿ ಮ. ರಾಮಮೂರ್ತಿಯವರು ಕೊಟ್ಟ ಕನ್ನಡದ ಬಾವುಟ, ಅರಿಸಿನ-ಕುಂಕುಮ. ಕನ್ನಡಮ್ಮ ಮುತ್ತೈದೆ. ನವೆಂಬರ್ ಒಂದರಂದು ಅದು ಹಾರುವುದನ್ನು ನೋಡಿದಾಗ ನನಗೂ ಎದೆ ತುಂಬುತ್ತದೆ. ಅರಿಸಿನ-ಕುಂಕುಮದ ತಟ್ಟೆ ತಮ್ಮ ಮುಂದೆ ಬಂದು ನಿಲ್ಲದೆ ಪಕ್ಕದವಳಿಗೆ ದಾಟುವುದನ್ನು ಕಂಡ ಹೆಂಗಸರೂ ಆ ಗುಂಪಿನಲ್ಲಿ ಚಪ್ಪಾಳೆ ತಟ್ಟುತ್ತಿರುತ್ತಾರೆ.

ನನ್ನ ಅಪ್ಪ ತೀರಿಕೊಂಡದ್ದು 1986ರಲ್ಲಿ. ಅವ್ವನಿಗೆ ಯಾರೂ ತಲೆ ಬೋಳಿಸಲಿಲ್ಲ, ಕೆಂಪು ಉಡಿಸಲಿಲ್ಲ. ಕಾಲ ಸುಧಾರಿಸಿದೆ ಎಂದು ಬಂದವರೆಲ್ಲ ಹೇಳಿಹೋದರು. ಕುಂಕುಮದ ಜಾಗದಲ್ಲಿ ಸಣ್ಣದೊಂದು ಕರಿ ಸ್ಟಿಕ್ಕರು ಬಂತು, ಹಸಿರು ಬಳೆಯ ಜಾಗದಲ್ಲಿ ಒಂದೊಂದು ಬಂಗಾರದ ಬಳೆ. ಸೀರೆಗೆ ಯಾರೂ ಏನೂ ಕಟ್ಟು ಹಾಕಲಿಲ್ಲ. ಹಾಕುವ ಅಗತ್ಯವಿರಲಿಲ್ಲ, ಅಂಗಡಿಯವರ ಆ ಒಳಗಿನ ಗಂಟು ಇತ್ತಲ್ಲ. ನನ್ನ ಅಕ್ಕ ಒಂದು ದೀಪಾವಳಿಗೆ ಹಟ ಮಾಡಿ ಗಿಳಿ ಹಸಿರಿನ ಇಳಕಲ್ ತಂದಳು. ಅವ್ವ ಅದನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಳು, ಅಂಚು ಸವರಿದಳು, ಕೊಂಡಿ ಗಟ್ಟಿಯಿದೆಯೋ ಎಂದು ಎಳೆದು ನೋಡಿದಳು, ಎಷ್ಟು ಕೊಟ್ಟಿ ಎಂದು ಕೇಳಿದಳು. ಅರ್ಧ ಗಂಟೆಯಾದರೂ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಆಮೇಲೆ ಮೊದಲಿನ ಮಡಿಕೆಯಲ್ಲೇ ಮಡಚಿದಳು. 'ಛಂದ ಅದ. ಮಂದಿ ಕಣ್ಣಾಗ ಚುಚ್ಚತದ.' ಮುಂದಿನ ತಿಂಗಳು ಪಕ್ಕದ ಮನೆಯ ಮಗಳ ಉಡಿ ತುಂಬುವಾಗ ಗುಳೇದಗುಡ್ಡದ ಖಣದ ಜೊತೆಗೆ ಆ ಸೀರೆ ಹೋಯಿತು. ಉಡಿ ತುಂಬಲು ಅವ್ವ ಹೋಗುವಂತಿರಲಿಲ್ಲ, ನನ್ನ ಕೈಯಲ್ಲಿ ಕೊಟ್ಟು ಕಳಿಸಿದಳು.

2022ರ ಮೇ ತಿಂಗಳಲ್ಲಿ ಕೊಲ್ಲಾಪುರ ಜಿಲ್ಲೆಯ ಹೇರವಾಡದ ಗ್ರಾಮಸಭೆ, ಗಂಡ ಸತ್ತವಳ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ತೆಗೆಯುವುದು ನಮ್ಮೂರಲ್ಲಿ ಬೇಡ ಎಂದು ಠರಾವು ಮಾಡಿತು. ನಮ್ಮ ಗಡಿಗೆ ಹತ್ತಿರದ ಊರು. 1856ರಿಂದ ಲೆಕ್ಕ ಹಾಕಿದರೆ ನೂರರವತ್ತಾರು ವರ್ಷ.

ಠರಾವಿಲ್ಲದೆ ಬಂದ ಪದ್ಧತಿಯೂ ಒಂದಿದೆ. ನವರಾತ್ರಿಯ ಒಂಬತ್ತು ದಿನಕ್ಕೆ ಒಂಬತ್ತು ಬಣ್ಣದ ಸೀರೆ. ಪುರಾಣ ಕಾಲದ್ದು ಎಂದು ಈಗಿನ ಹುಡುಗಿಯರು ನಂಬಿದ್ದಾರೆ. 2000ದ ದಶಕದ ಮೊದಲಲ್ಲಿ ಮುಂಬಯಿಯ ಮರಾಠಿ ಪತ್ರಿಕೆಯೊಂದು ಓದುಗರನ್ನು ಸೆಳೆಯಲು ಶುರು ಮಾಡಿದ್ದು ಅದು. ಈಗ ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆಯ ಬ್ಯಾಂಕು, ಶಾಲೆ, ತಾಲೂಕು ಕಚೇರಿಗಳಲ್ಲೆಲ್ಲ ಹೆಂಗಸರು ಆಯಾ ದಿನದ ಬಣ್ಣ ಉಟ್ಟು ಸಾಲಾಗಿ ನಿಂತು ಫೋಟೋ ತೆಗೆಸುತ್ತಾರೆ. ವ್ಯಾಪಾರದ ಆಟ ಎಂದು ಮೂಗು ಮುರಿಯುವವರಿದ್ದಾರೆ, ನಾನೂ ಮೊದಲು ಮುರಿದವಳೇ. ಆದರೆ ಆ ಪಟ್ಟಿಯಲ್ಲಿ ಕೆಂಪು ಯಾರಿಗೆ, ಹಸಿರು ಯಾರಿಗೆ ಎಂದು ಬರೆದಿಲ್ಲ. ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ನನ್ನ ಅಕ್ಕನ ಮಗಳು ಕಳಿಸಿದ ಕೆಂಪಿನ ದಿನದ ಫೋಟೋದ ನಡುವಿನಲ್ಲಿ, ಹಿಂದಿನ ವರ್ಷವಷ್ಟೇ ಗಂಡನನ್ನು ಕಳೆದುಕೊಂಡ ಅವರ ಕ್ಯಾಶಿಯರು ನಿಂತಿದ್ದಾರೆ. ಅಚ್ಚ ಕೆಂಪು ಸೀರೆ, ಜರಿ ಅಂಚು.

ಆ ಪಟ್ಟಿಯಲ್ಲಿ ಬೂದಿನ ದಿನವೂ ಒಂದಿರುತ್ತದೆ. ಆ ದಿನಕ್ಕೆ ಎಲ್ಲರಿಗೂ ಪರದಾಟ, ಹರೆಯದವರ ಕಪಾಟಿನಲ್ಲಿ ಬೂದು ಎಲ್ಲಿರುತ್ತದೆ? ಅಕ್ಕನ ಮಗಳು ಹಿಂದಿನ ದಿನ ಸಂಜೆ ಓಡಿ ಬಂದಳು. ಅವ್ವ ಹೋಗಿ 2011ಕ್ಕೇ ಆಯಿತು, ಅವಳ ಟ್ರಂಕನ್ನು ನಾನು ಹಾಗೇ ಇಟ್ಟಿದ್ದೇನೆ. ತೆರೆದು ತೋರಿಸಿದೆ. ಬೂದಿನವೇ ಏಳು ಸೀರೆಗಳಿದ್ದವು, ಎರಡಕ್ಕೆ ಇನ್ನೂ ಅಂಗಡಿಯ ಚೀಟಿ ಹಾಗೇ ಇತ್ತು. 'ಅಯ್ಯ ಮಾವಶಿ, ಅಜ್ಜಿ ಹತ್ರ ಎಷ್ಟೊಂದು ಗ್ರೇ ಅದಾವ!' ಎಂದು ಅವಳು ಹಿಗ್ಗಿದಳು. ಒಂದನ್ನು ತನಗೆ ಆರಿಸಿಕೊಂಡು, ಉಳಿದ ಆರನ್ನೂ ಗೆಳತಿಯರಿಗೆಂದು ಚೀಲಕ್ಕೆ ತುಂಬಿಕೊಂಡು ಹೋದಳು.